ಲೈನ್‌ಮನ್ನಿಗೆ ನಾನು ಕುಡಿಸಿದ ಹಸಿ ಹಾಲು

ಕಬ್ಬಿಣ ಎತ್ತುವವರಿಗೆ, ಎತ್ತಿ ಬಿಟ್ಟವರಿಗೆ, ಮಗನನ್ನು ಜಿಮ್ಮಿಗೆ ಕಳಿಸಿ ‘ಏನು ತಿನ್ನಿಸಬೇಕ್ರಿ’ ಎಂದು ಕೇಳುವ ತಾಯಂದಿರಿಗೆ, ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿ ಪಾಸಾದದ್ದು ಮೂವತ್ತೊಂದನೆಯ ವಯಸ್ಸಿಗೆ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ, ಸಾಲು ಡೊಂಕಾಗಿದ್ದರೆ ತಿದ್ದಿಕೊಂಡು ಓದಿರಿ, ಅದಕ್ಕೆ ಬೈಯಬೇಡಿ. ಬೈಯಬೇಕಾದ ತಪ್ಪು ಬೇರೆ ಇದೆ. ಅದು ಕೆಳಗೆ ಬರುತ್ತದೆ.

ನವಲಗುಂದದಲ್ಲಿ ಹಳೆಯ ಹತ್ತಿ ಗೋದಾಮಿನೊಳಗೆ ನನ್ನದೊಂದು ಸಣ್ಣ ಜಿಮ್ ಇದೆ. ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ವಿದ್ಯುತ್ ಕಂಬ ಹತ್ತುವ ಒಬ್ಬ ಲೈನ್‌ಮನ್ ಬಂದ. ಇಪ್ಪತ್ತಾರು ವಯಸ್ಸು, ಮದುವೆಯಾಗಿ ಒಂದು ವರ್ಷ. ಹುಬ್ಬಳ್ಳಿಯಲ್ಲಿ ನಡೆಯುವ ಜಿಲ್ಲಾ ಮಟ್ಟದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ನಿಲ್ಲಬೇಕು ಎಂದ. ಸ್ಪರ್ಧೆಗೆ ಹದಿನಾಲ್ಕು ವಾರ ಇತ್ತು.

ಅಂಗಿ ತೆಗೆಸಿ ನೋಡಿದೆ. ಅಗಲ ಭುಜ, ಸಣ್ಣ ಸೊಂಟ, ಕಂಬ ಹತ್ತಿ ಹತ್ತಿ ಗಟ್ಟಿಯಾದ ಮುಂಗೈ. ದೇವರು ಅರ್ಧ ಕೆಲಸ ಮಾಡಿಯೇ ಕಳಿಸಿದ್ದ. ಆವತ್ತೇ ಎದೆಯಲ್ಲಿ ಏನೋ ಚುಚ್ಚಿತು. ನಾನು ಅದೇ ಸ್ಪರ್ಧೆಯಲ್ಲಿ ಮೂರು ಸಲ ನಿಂತವನು. ಐದನೆಯ ಸ್ಥಾನದ ಮೇಲೆ ಹೋಗಲಿಲ್ಲ.

“ಏನ್ ತಿಂತೀಲೇ?” ಎಂದು ಕೇಳಿದೆ.

“ರೊಟ್ಟಿ, ಕಾಳ್ ಪಲ್ಯಾ, ಶೇಂಗಾ ಚಟ್ನಿ ರಿ.”

“ತತ್ತಿ?”

“ಕೊಳ್ಳಾಗ ಲಿಂಗ ಐತ್ರಿ ಗುರುಗಳ. ತತ್ತಿ ಅಂದ್ರ ನಮ್ಮವ್ವ ಮನಿ ಹೊರಗ ಹಾಕ್ತಾಳ.”

“ಡಬ್ಬಿ ಪೌಡರ್?”

“ಅದನ್ನ ನೋಡಿದ್ರ ನನಗ ಸಿಮೆಂಟ್ ನೆನಪಾಗ್ತೈತ್ರಿ.”

ಉಳಿದದ್ದು ಹಾಲು. ಮಾಂಸ, ಮೊಟ್ಟೆ ಮುಟ್ಟದವನಿಗೆ ಸ್ನಾಯು ಕಟ್ಟಲು ಹಾಲು ದೊಡ್ಡ ಆಧಾರ. ಅದರಲ್ಲಿ ಎರಡು ಬಗೆಯ ಪ್ರೋಟೀನ್ ಇದೆ. ಒಂದು ಬೇಗ ಕರಗುತ್ತದೆ, ಇನ್ನೊಂದು ಹೊಟ್ಟೆಯಲ್ಲಿ ಮೊಸರಿನಂತೆ ಗಟ್ಟಿಯಾಗಿ ನಿಧಾನಕ್ಕೆ ಕರಗುತ್ತದೆ. ಅದಕ್ಕೇ ಮಲಗುವ ಮುಂಚೆ ಕುಡಿಸುವುದು. ಮೂಳೆಗೆ ಸುಣ್ಣದ ಅಂಶ ಬೇರೆ. ತೂಕ ಏರಿಸಲು ಎಮ್ಮೆ ಹಾಲಿನ ಕೊಬ್ಬೂ ಸಹಾಯ ಮಾಡುತ್ತದೆ. ಇದೆಲ್ಲ ಸರಿಯಾದ ಮಾತು, ಈಗಲೂ ಹೇಳುತ್ತೇನೆ.

ತಪ್ಪಿದ್ದು ಮುಂದಿನ ಮಾತಿನಲ್ಲಿ. ನಾನು ಸಣ್ಣವನಿದ್ದಾಗ ಗರಡಿಯಲ್ಲಿ ನಮ್ಮ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು, ಬೆಂಕಿ ಕಂಡ ಹಾಲಿನಲ್ಲಿ ಕಸುವು ಉಳಿಯುವುದಿಲ್ಲ ಎನ್ನುತ್ತಿದ್ದರು. ಹಾಲು ಕರೆಯುವಾಗ ಎಮ್ಮೆಯ ಬಾಜೂಕೇ ನಿಂತು, ನೊರೆ ಆರುವ ಮುಂಚೆ ಬಿಸಿಬಿಸಿಯಾಗಿ ಕುಡಿಯಬೇಕು. ಎಲ್ಲ ಪೈಲ್ವಾನರೂ ಹಾಗೇ ಕುಡಿಯುತ್ತಿದ್ದರು, ನಾನೊಬ್ಬನನ್ನು ಬಿಟ್ಟು. ನನಗೆ ಹಾಲು ಆಗುವುದಿಲ್ಲ. ಒಂದು ಲೋಟ ಕುಡಿದರೆ ಹೊಟ್ಟೆ ಉಬ್ಬಿ ಗುಡುಗುಟ್ಟುತ್ತದೆ, ಅರ್ಧ ತಾಸಿಗೆ ತಂಬಿಗೆ ಹಿಡಿದು ಓಡಬೇಕು. ಹಾಲಿನ ಸಕ್ಕರೆ ಅರಗದ ದೇಹ ಕೆಲವರಿಗೆ ಇರುತ್ತದೆ, ಮೊಸರು ಮಜ್ಜಿಗೆಯಾದರೆ ಅಂಥವರಲ್ಲಿ ಎಷ್ಟೋ ಮಂದಿಗೆ ನಡೆಯುತ್ತದೆ ಎಂದು ಗೊತ್ತಾದದ್ದು ಮೊನ್ನೆ ಮೊನ್ನೆ. ಆಗ ವಸ್ತಾದರು ಎಲ್ಲರ ಮುಂದೆ, “ಹಾಲ ಒಲ್ಲೆ ಅನ್ನಾಂವ ಪೈಲ್ವಾನ ಹೆಂಗ ಆಗ್ತಾನ? ಇಂವನ್ನ ಮಣ್ಣ ಹದಾ ಮಾಡಾಕ ಇಟ್ಕೋರಿ” ಎಂದಿದ್ದರು. ಆಮೇಲೆ ಹಾಲು ಗಟಗಟ ಕುಡಿಯುವವರನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಬೇರೆ ಥರ ಉರಿಯುತ್ತದೆ.

ಲೈನ್‌ಮನ್ನಿಗೆ ಪಟ್ಟಿ ಬರೆದು ಕೊಟ್ಟೆ. ಬೆಳಿಗ್ಗೆ ಕೊಟ್ಟಿಗೆಯಲ್ಲೇ ನಿಂತು ಅರ್ಧ ಲೀಟರ್ ಹಸಿ ಹಾಲು. ಮಧ್ಯಾಹ್ನ ರೊಟ್ಟಿ, ಹೆಸರುಕಾಳು, ಮೊಸರು. ಸಂಜೆ ವ್ಯಾಯಾಮ ಆದ ಮೇಲೆ ಅರ್ಧ ಲೀಟರ್ ಹಾಲು, ಎರಡು ಬಾಳೆಹಣ್ಣು, ನೆನೆಸಿದ ಶೇಂಗಾ. ಮಲಗುವಾಗ ಮತ್ತೆ ಅರ್ಧ ಲೀಟರ್. ನಮ್ಮ ಓಣಿಯ ಹಿಂದೆ ಮೂರು ಎಮ್ಮೆ ಕಟ್ಟಿದ ಒಬ್ಬ ಅಕ್ಕ ಇದ್ದಾಳೆ. ನಾನೇ ಅವನನ್ನು ಅವಳ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಮೊದಲ ದಿನ ಅವನು ಚೊಂಬು ಎತ್ತಿ ಒಂದೇ ಉಸಿರಿಗೆ ಖಾಲಿ ಮಾಡಿ, ಮೀಸೆಯ ನೊರೆ ಒರೆಸಿಕೊಂಡು, “ಇನ್ನೊಂದ್ ಸ್ವಲ್ಪ ಹಾಕ್ರಿ ಅಕ್ಕಾರ” ಎಂದ.

ಅಕ್ಕ ನಕ್ಕಳು. “ಕರುವಿಗರ ಬಿಡೋ ತಮ್ಮಾ, ಅದಕ್ಕೂ ಸ್ವಲ್ಪ ಉಳಸು.”

ನಾನೂ ನಕ್ಕೆ. ನಕ್ಕದ್ದು ಬಾಯಿ ಮಾತ್ರ.

ವಾರಕ್ಕೆ ಐದು ದಿನ ತಾಲೀಮು. ಒಂದು ದಿನ ಎದೆ, ಒಂದು ದಿನ ಬೆನ್ನು, ಒಂದು ದಿನ ತೊಡೆ, ಒಂದು ದಿನ ಭುಜ, ಒಂದು ದಿನ ತೋಳು. ಪ್ರತಿ ಭಾನುವಾರ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ತೂಕ, ಆಮೇಲೆ ದರ್ಜಿಯ ಟೇಪಿನಿಂದ ಅಳತೆ. ನಾಲ್ಕು ವಾರಕ್ಕೆ ತೋಳು ಮುಕ್ಕಾಲು ಇಂಚು ಬೆಳೆಯಿತು. ಆರನೆಯ ವಾರಕ್ಕೆ ಭುಜದ ಮೇಲೆ ಸ್ನಾಯುವಿನ ಮೂರು ತುಂಡು ಬೇರೆ ಬೇರೆ ಕಾಣತೊಡಗಿದವು. ನನಗೆ ಅಷ್ಟು ಬರಲು ಎರಡು ವರ್ಷ ಹಿಡಿದಿತ್ತು. ಹೊಟ್ಟೆ ಉಬ್ಬರವಿಲ್ಲ, ಮೊಡವೆಯಿಲ್ಲ, ಒಂದು ತೇಗೂ ಇಲ್ಲ. ಹಾಲು ಅವನ ಮೈಗೆ ಹೋಗಿ ನೇರ ಮಾಂಸವಾಗುತ್ತಿತ್ತು.

ಆರನೆಯ ಭಾನುವಾರ ಟೇಪು ಹಿಡಿದು ಅರ್ಧ ಇಂಚು ಕಡಿಮೆ ಹೇಳಿದೆ. ಅವನು ಮುಖ ಸಣ್ಣ ಮಾಡಿಕೊಂಡು, “ಇನ್ನೂ ಜೋರ್ ಮಾಡಬೇಕ್ರಿ ಹಂಗಾರ” ಎಂದು ಭಾರ ಎತ್ತುವ ಬಾರ್‌ ಕಡೆ ಹೋದ. ಶಿಷ್ಯ ಉಬ್ಬಿ ಹೋಗಬಾರದು ಎಂದು ಕಡಿಮೆ ಹೇಳಿದೆ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟೆ. ಅದಲ್ಲ ಕಾರಣ. ಪೂರ್ತಿ ಹೇಳಿದ್ದರೆ ಆ ತೋಳು ನನ್ನ ತೋಳಿಗಿಂತ ದೊಡ್ಡದಾಗುತ್ತಿತ್ತು.

ಮನೆಯಲ್ಲೂ ಅದೇ ಮಾತು. ನನ್ನ ಹೆಂಡತಿ ಒಂದು ದಿನ ಜಿಮ್ಮಿಗೆ ಬುತ್ತಿ ತಂದವಳು ಅವನನ್ನು ನೋಡಿ ಹೋಗಿ, ಊಟಕ್ಕೆ ಕೂತಾಗ, “ಆ ಲೈಟ್ ಕಂಬದಾಂವ ಅಗದಿ ಮೂರ್ತಿ ಕೆತ್ತಿದಂಗ ಆಗ್ಯಾನಲ್ರಿ” ಎಂದಳು. “ನಾ ಕೆತ್ತೀನಿ” ಎಂದೆ. “ನೀವ್ ಕೆತ್ತೀರಿ, ಖರೇ. ಆದ್ರ ಕಲ್ಲೂ ಚಲೋ ಇತ್ತಲ್ರಿ” ಎಂದಳು. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಆರನೆಯ ವಾರ ಮುಗಿದ ಮೇಲೆ, ಒಂದು ಸೋಮವಾರ, ಎಮ್ಮೆ ಅಕ್ಕ ನನ್ನನ್ನು ಕರೆದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸಣ್ಣ ದನಿಯಲ್ಲಿ ಮಾತಾಡಿದಳು.

“ನಡುವಿನ ಎಮ್ಮಿ ಕಂದ ಹಾಕ್ತೋ ತಮ್ಮಾ. ಎಂಟ ತಿಂಗಳ ತುಂಬಿತ್ತು. ಹ್ವಾದ ವರ್ಷನೂ ಒಂದ ಹಿಂಗ ಆಗಿತ್ತು.”

ಕಂದ ಹಾಕುವುದೆಂದರೆ ದಿನ ತುಂಬುವ ಮುಂಚೆ ಸತ್ತ ಕರು ಬೀಳುವುದು. ದನದ ಡಾಕ್ಟರು ಬಂದು ನೋಡಿದ್ದರಂತೆ.

“ಅವ್ರ ಏನಂದ್ರು?”

“ಇದು ಮನಶ್ಯಾರಿಗೂ ಅಂಟು ಬ್ಯಾನಿ ಇರಬಹುದು, ರಕ್ತ ತಪಾಸಣಿಗೆ ಕಳಸ್ತೀನಿ, ಅಲ್ಲೀತನಕ ಈ ದನದ ಮನಿ ಹಾಲು ಉಕ್ಕಿಸಿ ಕಾಸಲಾರದ ಯಾರಿಗೂ ಕುಡಸಬ್ಯಾಡ್ರಿ ಅಂದ್ರು. ನಾ ನಿನ್ನ ಪೈಲ್ವಾನಗ ಹೇಳಿದ್ಯಾ, ಕಾಸಿ ಕುಡಿಯಪಾ ಅಂತ. ‘ಗುರುಗಳು ಹೇಳಿದ್ರ ಬಿಡ್ತೀನ್ರಿ’ ಅಂದಾ. ಕಂದ ಹಾಕಿದ್ದ ಹೇಳಲಿಲ್ಲಾ, ನಮ್ಮ ಮನಿ ಸುದ್ದಿ ಊರಿಗೆಲ್ಲಾ ಯಾಕ ಅಂತ. ನೀ ಹೇಳು. ನಿನ್ನ ಮಾತ ಕೇಳ್ತಾನ.”

“ಹೇಳ್ತೀನಿ” ಎಂದೆ.

ಸಂಜೆ ಜಿಮ್ಮಿಗೆ ಹೋದಾಗ ಅವನು ಕನ್ನಡಿಯ ಮುಂದೆ ನಿಂತು ಭುಜ ಬಿಗಿ ಹಿಡಿಯುತ್ತಿದ್ದ. ಸುತ್ತ ಏಳೆಂಟು ಜನ ಮೊಬೈಲ್ ಹಿಡಿದು ನಿಂತಿದ್ದರು. ನಾನು ಒಳಗೆ ಬಂದದ್ದನ್ನು ಯಾರೂ ನೋಡಲಿಲ್ಲ. ಹೇಳಬೇಕೆಂದು ಬಾಯಿಗೆ ಬಂದ ಮಾತನ್ನು ನುಂಗಿದೆ. ನಾಳೆ ಹೇಳೋಣ ಎಂದುಕೊಂಡೆ. ಮರುದಿನವೂ ಹೇಳಲಿಲ್ಲ. ನಮ್ಮ ಗರಡಿಯವರೆಲ್ಲ ಹಸಿ ಹಾಲನ್ನೇ ಕುಡಿದು ಎಂಬತ್ತು ವರ್ಷ ಬದುಕಲಿಲ್ಲವೇ ಎಂದುಕೊಂಡೆ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಪ್ರತಿ ದಿನ ನೆನಪಿತ್ತು. ಅವನಿಗೆ ಒಂದು ಸಣ್ಣ ಜ್ವರ ಬಂದರೆ, ಎರಡು ಕಿಲೋ ಇಳಿದರೆ ಏನೂ ಮುಳುಗುವುದಿಲ್ಲ ಎಂಬ ಯೋಚನೆಯೂ ಬಂದಿತ್ತು. ಹಾಗೆ ಒಂಬತ್ತು ದಿನ ಕಳೆದವು.

ಹತ್ತನೆಯ ದಿನ ಹೇಳಿದೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಲಿಲ್ಲ.

“ಇವತ್ತಿಂದ ಹಾಲ ಉಕ್ಕಿಸಿ, ಆರಿಸಿ, ಕೆನಿ ತಗದ ಕುಡಿ.”

“ಬೆಂಕಿ ಕಂಡ್ರ ಕಸುವು ಹೋಗ್ತೈತಿ ಅಂದಿದ್ರೆಲ್ರಿ?”

“ಇನ್ನ ಮ್ಯಾಲ ಕಟಿಂಗ್ ಲೇ. ಕೊಬ್ಬ ಇಳಸಬೇಕು. ಎಮ್ಮಿ ಹಾಲಿನಾಗ ಆಕಳ ಹಾಲಿಗಿಂತ ಭಾಳ ಕೊಬ್ಬ ಐತಿ.”

“ಹೌದಲ್ಲಾ!” ಎಂದ. ನನ್ನ ಬುದ್ಧಿಗೆ ಮೆಚ್ಚಿದವನಂತೆ ನೋಡಿದ.

ಒಂಬತ್ತನೆಯ ವಾರ ಮೊದಲ ಸಲ ಸೊಂಟ ಹಿಡಿದುಕೊಂಡ. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮಾಡಿದ್ದ, ಅದಕ್ಕೇ ಎಂದೆ. ಎರಡು ದಿನ ಬಿಟ್ಟು ತೊಡೆಯ ಸಂದು ನೋವು. ಆಮೇಲೆ ಸಂಜೆಯಾಗುತ್ತಲೇ ಮೈ ನಡುಕ, ಬೆಳಿಗ್ಗೆ ಏಳುವಾಗ ಬನಿಯನ್ ಹಿಂಡುವಷ್ಟು ಬೆವರು. ಬೆಂಚಿನ ಮೇಲೆ ಮಲಗಿ ಎಂಬತ್ತು ಕಿಲೋ ಒತ್ತುತ್ತಿದ್ದವನಿಗೆ ಅರವತ್ತೂ ಏಳಲಿಲ್ಲ.

“ಗುರುಗಳ, ಯಾಕೋ ಎಲುವಿನ ಒಳಗ ಯಾರೋ ಸ್ಕ್ರೂ ತಿರಿವಿದಂಗ ಆಗಾಕತ್ತೈತ್ರಿ.”

“ಸ್ಪರ್ಧಾ ಹತ್ರ ಬಂದಂಗ ಎಲ್ಲಾರಿಗೂ ಹಂಗ. ನಾಟಕ ಮಾಡಬ್ಯಾಡ, ಏಳು.”

ಹೀಗೆ ಹೇಳುವಾಗ ನನಗೆ ಒಳಗೊಳಗೇ ಹಗುರಾಗಿತ್ತು. ಭಾನುವಾರ ಟೇಪು ಹಿಡಿದಾಗ ತೋಳು ಕಾಲು ಇಂಚು ಇಳಿದಿತ್ತು. ಆವತ್ತು ಅಳತೆಯನ್ನು ಇದ್ದ ಹಾಗೆ ಜೋರಾಗಿ ಓದಿದೆ.

ಅವನ ಹೆಂಡತಿ ಅವನನ್ನು ಊರಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಟೈಫಾಯ್ಡ್ ಇರಬೇಕೆಂದು ಒಂದು ವಾರ ಗುಳಿಗೆ ಕೊಟ್ಟರು. ಜ್ವರ ಇಳಿಯಿತು. ನಾಲ್ಕು ದಿನ ಬಿಟ್ಟು ಮತ್ತೆ ಏರಿತು. ಮತ್ತೆ ಗುಳಿಗೆ, ಮತ್ತೆ ಇಳಿಯಿತು, ಮತ್ತೆ ಏರಿತು. ಒಂದು ಬೆಳಿಗ್ಗೆ ಅವನು ಕಂಬದ ಅರ್ಧಕ್ಕೆ ಹೋಗಿ ಮುಂದೆ ಹತ್ತಲಾಗದೆ, ಇಳಿಯಲೂ ಆಗದೆ ಬೆಲ್ಟಿಗೆ ಜೋತು ನಿಂತನಂತೆ. ಜೊತೆಯವರು ಏಣಿ ಹಾಕಿ ಇಳಿಸಿದರು. ಸುದ್ದಿ ಜಿಮ್ಮಿಗೆ ಬಂದಾಗ ನಾನು ಡಂಬೆಲ್ ಒರೆಸುತ್ತಿದ್ದೆ. ಬಟ್ಟೆ ಕೈಯಲ್ಲೇ ಉಳಿಯಿತು. ತೋಳಿನ ಅಳತೆ ನನ್ನ ಅವನ ನಡುವಿನ ಮಾತು. ಕಂಬದ ಮೇಲಿಂದ ಬಿದ್ದಿದ್ದರೆ?

ಮರುದಿನ ಹುಬ್ಬಳ್ಳಿಯ ಆಸ್ಪತ್ರೆಗೆ ಗಂಡ ಹೆಂಡತಿ ಹೊರಟಾಗ ನಾನೂ ಬಸ್ಸು ಹತ್ತಿದೆ. ಅವನಿಗೆ ಅದೇ ದೊಡ್ಡ ಸಂತೋಷ. “ನಮ್ಮ ಗುರುಗಳ ಬಂದಾರ, ಇನ್ನೇನ್ ಅಂಜಿಕಿ” ಎಂದು ಹೆಂಡತಿಗೆ ಹೇಳಿದ.

ಡಾಕ್ಟರು ನಮ್ಮ ಕಡೆಯ ಹೆಣ್ಣುಮಗಳೇ. ಸೊಂಟ ಒತ್ತಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಜ್ವರ ಎಂದು ಏರಿತು ಎಂದು ಇಳಿಯಿತು ಎಲ್ಲ ಬರೆದುಕೊಂಡರು. ಆಮೇಲೆ ಪೆನ್ನು ಎತ್ತಿ ಕೇಳಿದರು.

“ದನಾ ಕಟ್ಟೀರೇನ್ರಿ ಮನ್ಯಾಗ?”

“ಇಲ್ರಿ ಮೇಡಂ.”

“ಹಸಿ ಹಾಲ ಕುಡಿಯೂ ರೂಢಿ?”

ಅವನು ಒಂದು ಸಲ ನನ್ನ ಕಡೆ ನೋಡಿದ. “ಇಲ್ರಿ. ನಮ್ಮ ಗುರುಗಳು ಕಾಸಿ, ಕೆನಿ ತಗದ ಕುಡಿ ಅಂತ ಹೇಳ್ಯಾರ್ರಿ. ಹಂಗ ಕುಡೀತೀನಿ.”

ನನ್ನನ್ನು ಯಾರೂ ಬೈಯಬಾರದೆಂದು ಅವನು ಹಾಗೆ ಹೇಳಿದ. ನನ್ನನ್ನು ಕಾಯುತ್ತಿದ್ದ.

ಡಾಕ್ಟರು ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು. ಭಾರ ಎತ್ತಿ ಬೆನ್ನುಮೂಳೆಗೆ ಪೆಟ್ಟಾಗಿರಬಹುದು, ಮೊದಲು ಸ್ಕ್ಯಾನ್ ಮಾಡಿಸೋಣ ಎಂದರು. ಅಲ್ಲಿಗೆ ಹಾಲಿನ ಮಾತು ಮುಗಿಯಿತು. ನಾನು ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವನು ಸ್ಪರ್ಧೆಗೆ ನಿಲ್ಲುವುದು ಹೇಗೂ ತಪ್ಪಿತ್ತು, ನನ್ನ ಹೆಸರು ಉಳಿಯುತ್ತಿತ್ತು. ನಾನು ಬಯಸಿದ್ದೆಲ್ಲ ಆ ಟೇಬಲ್ಲಿನ ಮೇಲೆ ಕೈಗೆ ಸಿಗುವಂತೆ ಕುಳಿತಿತ್ತು. ಅವನು ಕುರ್ಚಿಯ ಹಿಡಿಕೆಗೆ ಕೈ ಊರಿ ನೋಯುವ ಸೊಂಟ ಎತ್ತಿ ಕೂತ. ಕಂಬದ ಮೇಲೆ ಅವನನ್ನು ಹಿಡಿದು ನಿಲ್ಲಿಸುವುದು ಅದೇ ಕೈ.

“ಮೇಡಂ, ಕುಡದಾನ್ರಿ” ಎಂದೆ. “ಏಳ ವಾರದ ಮ್ಯಾಲ ಹಸೀದ ಕುಡದಾನ. ನಾನ ಕುಡಿಸೀನ್ರಿ. ಆ ದನದ ಮನ್ಯಾಗ ಎಮ್ಮಿ ಕಂದ ಹಾಕೇತಿ. ಹ್ವಾದ ವರ್ಷನೂ ಹಾಕಿತ್ತಂತ. ದನದ ಡಾಕ್ಟರ್ ಕಾಸಿ ಕುಡಸ್ರಿ ಅಂದಿದ್ರು. ನನಗ ಗೊತ್ತಾದ ಮ್ಯಾಲೂ ಒಂಬತ್ತ ದಿನಾ ನಾ ಇಂವಗ ಹೇಳಲಿಲ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಬೈಯಲಿಲ್ಲ. ಬರೆದಿದ್ದ ಚೀಟಿ ಹರಿದು ಬೇರೆ ಚೀಟಿ ಬರೆದರು. ಬ್ರೂಸೆಲ್ಲಾ ಎಂಬ ರೋಗಾಣುವಿನ ರಕ್ತ ಪರೀಕ್ಷೆ. ದನ ಕಂದ ಹಾಕುವ ಆ ಬೇನೆ ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದಂತೆ. ಜ್ವರ ಏರುತ್ತ ಇಳಿಯುತ್ತ ಇರುತ್ತದೆ, ಸಂದು ಹಿಡಿಯುತ್ತದೆ, ಎಷ್ಟೋ ಸಲ ಟೈಫಾಯ್ಡ್ ಎಂದೇ ತಿಳಿಯುತ್ತಾರೆ. ಬಿಟ್ಟರೆ ಬೆನ್ನುಮೂಳೆಯನ್ನೇ ತಿನ್ನಬಹುದು. ಹಾಲು ಉಕ್ಕಿಸಿದರೆ ಆ ರೋಗಾಣು ಸಾಯುತ್ತದೆ, ಪ್ರೋಟೀನ್ ಎಲ್ಲಿಗೂ ಹೋಗುವುದಿಲ್ಲ. ನಮ್ಮ ವಸ್ತಾದರ ಮಾತು ಡಾಕ್ಟರ ಎರಡು ವಾಕ್ಯದಲ್ಲಿ ಬಿದ್ದುಹೋಯಿತು.

“ಆ ಒಂಬತ್ತ ದಿನದಾಗ ಬಂದಿದ್ದೇನ್ರಿ?” ಎಂದು ಕೇಳಿದೆ.

“ಹೇಳಾಕ ಆಗೂದಿಲ್ಲ. ಮದಲನೇ ಚೊಂಬಿನಾಗ ಬಂದಿರಬಹುದು, ಕಡೀ ಚೊಂಬಿನಾಗನೂ ಬಂದಿರಬಹುದು” ಎಂದರು.

ಆ ಉತ್ತರದಲ್ಲಿ ನನಗೆ ಬಿಡುಗಡೆಯೂ ಸಿಗಲಿಲ್ಲ, ಶಿಕ್ಷೆಯೂ ಸಿಗಲಿಲ್ಲ.

ಬಸ್ಸಿನಲ್ಲಿ ಅವನು ಕಿಟಕಿಗೆ ಕೂತ, ನಡುವೆ ಅವನ ಹೆಂಡತಿ, ತುದಿಗೆ ನಾನು. ಊರು ದಾಟಿ ಕರಿ ಹೊಲ ಬಂತು. ಆಮೇಲೆ ಅವಳು ಮುಂದೆ ನೋಡುತ್ತಲೇ ಕೇಳಿದಳು.

“ಒಂಬತ್ತ ದಿನಾ ನಿಮಗ ನಾಲಿಗಿ ಇರಲಿಲ್ಲೇನ್ರಿ?”

“ಸುಮ್ನಿರ” ಎಂದು ಅವನು ಅವಳಿಗೆ ಹೇಳಿ, ನನ್ನ ಕಡೆ ಬಾಗಿದ. “ಯಾಕ್ರಿ ಗುರುಗಳ? ಮರತಿದ್ರೇನು?”

ಹೌದು ಅಂದರೆ ಸಾಕಿತ್ತು. ಅವನೇ ದಾರಿ ತೋರಿಸಿದ್ದ.

“ಇಲ್ಲೋ. ಹೊಟ್ಟಿಕಿಚ್ಚು.”

“ಯಾರ ಮ್ಯಾಲ?”

“ನಿನ್ನ ಮ್ಯಾಲ.”

ಅವನು ನನ್ನ ಮುಖ ನೋಡಿದ. “ನನ್ನ ಮ್ಯಾಲೇನ್ರಿ? ಕಂಬಾ ಹತ್ತಾಂವನ ಮ್ಯಾಲ?” ಎಂದ. ನಗು ಬಂದಂತಾಗಿ ಅರ್ಧಕ್ಕೆ ನಿಂತಿತು. ಅವನು ಕಿಟಕಿಯ ಕಡೆ ತಿರುಗಿದ. ಇಳಿಯುವಾಗ ಕೈ ಕೊಡಲು ಹೋದೆ. ಅವಳು ನಡುವೆ ಬಂದು ತಾನೇ ಅವನ ರಟ್ಟೆ ಹಿಡಿದಳು.

ಪರೀಕ್ಷೆಯಲ್ಲಿ ಅದೇ ಬೇನೆ ಎಂದು ಬಂತು. ಆರು ವಾರ, ದಿನಾ ಎರಡು ಬಗೆಯ ಔಷಧ, ಜ್ವರ ಇಳಿಯಿತೆಂದು ಒಂದು ದಿನವೂ ಬಿಡುವಂತಿಲ್ಲ. ಅದರಲ್ಲಿ ಒಂದು ಗುಳಿಗೆಯನ್ನು ಹಾಲಿನ ಜೊತೆ ನುಂಗಬಾರದು, ಹಾಲು ಅದನ್ನು ಮೈಗೆ ಹತ್ತಗೊಡುವುದಿಲ್ಲ. ಭಾರ ಎತ್ತುವುದು ಬಂದ್. ಅವನ ಸಾಹೇಬರು ಕಂಬದ ಕೆಲಸ ಬಿಡಿಸಿ ದೂರಿನ ಫೋನಿನ ಮುಂದೆ ಕೂರಿಸಿದರು. ನಮ್ಮ ಓಣಿಯಲ್ಲಿ ಕರೆಂಟ್ ಹೋದಾಗ ಫೋನ್ ಮಾಡಿದರೆ ಅವನ ದನಿ ಕೇಳುತ್ತಿತ್ತು. ನಾನು ಮಾಡುತ್ತಿರಲಿಲ್ಲ, ಹೆಂಡತಿಯಿಂದ ಮಾಡಿಸುತ್ತಿದ್ದೆ.

ಎಮ್ಮೆ ಅಕ್ಕನಿಗೂ ಹೋಗಿ ಹೇಳಿದೆ. ಸತ್ತ ಕರು ಎತ್ತಿದ್ದು, ಕಸ ಬಳಿದದ್ದು ಅವಳೇ, ಅವಳೂ ರಕ್ತ ತೋರಿಸಬೇಕೆಂದು ಡಾಕ್ಟರು ಹೇಳಿದ್ದರು. ಅವಳಿಗೆ ಏನೂ ಇರಲಿಲ್ಲ, ಪುಣ್ಯ. ಎಮ್ಮೆಗಳ ಪರೀಕ್ಷೆಯಲ್ಲಿ ನಡುವಿನದಕ್ಕೆ ಬೇನೆ ಇದ್ದದ್ದು ಖರೆಯಾಯಿತು. ಅದನ್ನು ಬೇರೆ ಕಟ್ಟಿಸಿದರು. “ನಾ ಅವತ್ತ ನಿನಗ ಹೇಳಿದ್ನೋ ಇಲ್ಲೋ?” ಎಂದಳು. “ಹೇಳಿದ್ದಿ ಅಕ್ಕಾ.” “ಊರಾಗ ಎಲ್ಲಾರೂ ಈಗ ನನ್ನ ಎಮ್ಮಿಗೆ ಬೈತಾರ. ಎಮ್ಮಿಗೇನ್ ಬಾಯಿ ಐತೇನು, ಹೇಳಾಕ?” ಎಂದಳು.

ಜಿಮ್ಮಿನಲ್ಲಿ ನಿಂತು ಎಲ್ಲರಿಗೂ ನಡೆದದ್ದು ಹೇಳಿದೆ. ಹನ್ನೊಂದು ಜನ ಬಿಟ್ಟು ಹೋದರು. ಉಳಿದವರಿಗೆ ಈಗ ಹೇಳುವುದು ಇಷ್ಟು: ಹಾಲು ಕುಡಿಯಿರಿ, ಉಕ್ಕಿಸಿ ಕುಡಿಯಿರಿ. ಹೊಟ್ಟೆಗೆ ಆಗದಿದ್ದರೆ ನಾಚಿಕೆ ಬಿಟ್ಟು ಮಜ್ಜಿಗೆಗೆ ಬನ್ನಿರಿ. ಬರೀ ಹಾಲಿನ ಮೇಲೆ ಮೈ ಕಟ್ಟಲು ಹೋಗಿ ಕಾಳು, ಕಾಯಿಪಲ್ಯ ಬಿಡಬೇಡಿ, ಲೀಟರುಗಟ್ಟಲೆ ಎಮ್ಮೆ ಹಾಲು ಕೊಬ್ಬನ್ನೂ ಕಟ್ಟುತ್ತದೆ. ತಾಲೀಮಿನ ನೋವು ಎರಡು ಮೂರು ದಿನಕ್ಕೆ ಇಳಿಯಬೇಕು. ಜ್ವರ, ಬೆವರು ಜೊತೆಗೆ ಬಂದರೆ ಜಿಮ್ಮಿಗೆ ಬರಬೇಡಿ, ಡಾಕ್ಟರಲ್ಲಿಗೆ ಹೋಗಿರಿ. ಏನು ಕುಡಿದಿರಿ, ಎಲ್ಲಿ ಕುಡಿದಿರಿ ಎಂಬುದನ್ನು ಮುಚ್ಚಿಡಬೇಡಿ.

ಆ ವರ್ಷದ ಸ್ಪರ್ಧೆ ಅವನಿಲ್ಲದೆ ಮುಗಿಯಿತು. ಆರು ವಾರದ ಮೇಲೆ ಅವನು ಗುಣವಾದ, ಮತ್ತೆ ಕಂಬ ಹತ್ತಿದ. ನನ್ನ ಜಿಮ್ಮಿನ ಮುಂದಿನ ಕಂಬಕ್ಕೂ ಒಂದು ದಿನ ಬಂದಿದ್ದ. ಒಳಗಿನಿಂದ ನೋಡಿದೆ. ಸರಸರ ಹತ್ತಿದ, ತಂತಿ ಬಿಗಿದ, ಇಳಿದ. ಒಳಗೆ ಬರಲಿಲ್ಲ. ಅವನು ಹುಬ್ಬಳ್ಳಿಯ ಒಂದು ಜಿಮ್ಮಿಗೆ ಹೋಗುತ್ತಿದ್ದಾನೆ ಎಂದು ಆಮೇಲೆ ಗೊತ್ತಾಯಿತು. ಕೆಲಸ ಮುಗಿಸಿ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದನಂತೆ.

ಈ ವರ್ಷ ಅವನಿಗೆ ಮೂರನೆಯ ಸ್ಥಾನ ಬಂತು. ಫೋಟೋ ನನ್ನ ಮೊಬೈಲಿಗೂ ಬಂತು. ಎಣ್ಣೆ ಹಚ್ಚಿದ ಮೈ, ಕೊರಳಲ್ಲಿ ಕಂಚಿನ ಪದಕ, ಪಕ್ಕದಲ್ಲಿ ಹುಬ್ಬಳ್ಳಿಯ ಕೋಚ್, ಅವನ ಭುಜದ ಮೇಲೆ ಕೈ ಹಾಕಿ ನಗುತ್ತಿದ್ದಾನೆ. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ನೋಡಿದೆ. ಲೈನ್‌ಮನ್ನನ ತೋಳನ್ನಲ್ಲ, ಆ ಕೋಚಿನ ಕೈಯನ್ನು ನೋಡಿದೆ. ಇಷ್ಟು ವರ್ಷದಲ್ಲಿ ಯಾರ ತೋಳಿನ ಮೇಲೂ, ಯಾರ ಹೊಟ್ಟೆಯ ಮೇಲೂ ನನಗೆ ಅಷ್ಟು ಕಿಚ್ಚು ಹುಟ್ಟಿರಲಿಲ್ಲ. ಅಭಿನಂದನೆ ಎಂದು ಬರೆದು ಮೂರು ಸಲ ಅಳಿಸಿದೆ, ನಾಲ್ಕನೆಯ ಸಲ ಕಳಿಸಿದೆ. ಕೈ ಮುಗಿದ ಒಂದು ಚಿತ್ರ ತಿರುಗಿ ಬಂತು.

ಓದಿದವರಲ್ಲಿ ಕಲಿಸುವ ಕೆಲಸ ಮಾಡುವವರು ಇರಬಹುದು. ಕುಸ್ತಿಯೋ, ಹೊಲಿಗೆಯೋ, ಹಾಡೋ, ಏನೇ ಇರಲಿ. ನಿಮ್ಮ ಕೈಯಲ್ಲಿ ಬೆಳೆದವರನ್ನು ಕಂಡು ಹೊಟ್ಟೆ ಉರಿದು, ಹೇಳಬೇಕಾದದ್ದನ್ನು ಹೇಳದೆ ಕೂತ ದಿನ ನಿಮಗೂ ಇದ್ದರೆ ಕೆಳಗೆ ಬರೆಯಿರಿ. ಹೆಸರು ಹಾಕದಿದ್ದರೂ ನಡೆಯುತ್ತದೆ. ನಾನು ಓದುವುದು ನಿಧಾನ, ಆದರೆ ಒಂದೂ ಬಿಡದೆ ಓದುತ್ತೇನೆ.